ಕಾಮಾ ಮುಂದಿನ ಸಾಲಿಗೆ ಯಾಕೆ ಇಳಿಯುತ್ತದೆ?

ಪ್ರಶ್ನೆ (ಚನ್ನಗಿರಿ ಕಡೆಯಿಂದ): ಸರ್, ನಮ್ಮೂರ ರೈತರ ಕೂಟದ ಸಭೆ ನೋಟಿಸನ್ನು ನಾನೇ ವರ್ಡ್‌ನಲ್ಲಿ ಟೈಪ್ ಮಾಡುತ್ತೇನೆ. ನುಡಿ ಕೀಬೋರ್ಡ್, ಯೂನಿಕೋಡ್. ‘ಮೆಕ್ಕೆಜೋಳ ,ಭತ್ತ ,ಅಡಿಕೆ’ ಅಂತ ಹೊಡೆದರೆ ಕೆಲವು ಸಲ ಕಾಮಾ ಮುಂದಿನ ಸಾಲಿನ ಶುರುವಿಗೆ ಹೋಗಿ ಕೂರುತ್ತದೆ. ಇನ್ನೊಂದು, ‘ದಿನಾಂಕ’ದ ಮುಂದೆ ಎರಡು ಚುಕ್ಕಿ ಹಾಕಬೇಕಾ, ಎರಡು ಸೊನ್ನೆಯಾ?

ಉತ್ತರ (ಡಿಟಿಪಿ, ದಾವಣಗೆರೆ): ಮೇಡಂ, ನೀವು ಕಾಮಾಕ್ಕೆ ಮೊದಲು ಸ್ಪೇಸ್ ಕೊಟ್ಟಿದ್ದೀರಿ, ಆಮೇಲೆ ಕೊಟ್ಟಿಲ್ಲ. ವರ್ಡ್ ಸ್ಪೇಸ್ ಇದ್ದಲ್ಲೇ ಸಾಲು ಮುರಿಯುತ್ತದೆ. ಕಾಮಾ ‘ಭತ್ತ’ಕ್ಕೆ ಅಂಟಿಕೊಂಡಿರುವುದರಿಂದ ಅದರ ಜೊತೆಗೇ ಕೆಳಗಿಳಿಯುತ್ತದೆ. ‘ಮೆಕ್ಕೆಜೋಳ, ಭತ್ತ, ಅಡಿಕೆ’ ಅಂತ ಹೊಡೆಯಿರಿ. ಪೂರ್ಣವಿರಾಮ, ಪ್ರಶ್ನಾರ್ಥಕಕ್ಕೂ ಹೀಗೇ. ಹಳೆಯ ಫೈಲಿಗೆ ಕಂಟ್ರೋಲ್ ಎಚ್ ಒತ್ತಿ, ಹುಡುಕಿ ಬದಲಿಸುವ ಕಿಟಕಿ ತೆರೆಯುತ್ತದೆ. ಮೇಲಿನ ಬಾಕ್ಸ್‌ನಲ್ಲಿ ಸ್ಪೇಸ್, ಕಾಮಾ. ಕೆಳಗಿನದರಲ್ಲಿ ಕಾಮಾ, ಸ್ಪೇಸ್. ‘ರಿಪ್ಲೇಸ್ ಆಲ್’ ಒತ್ತಿದರೆ ಎಲ್ಲವೂ ಒಟ್ಟಿಗೆ ಸರಿಯಾಗುತ್ತವೆ.

ನಿಮ್ಮ ಎರಡನೇ ಪ್ರಶ್ನೆ ತುಂಬಾ ಮುಖ್ಯ. ‘ದಿನಾಂಕ:’, ‘ಸ್ಥಳ:’, ‘ವಿಷಯ:’ ಇವಕ್ಕೆಲ್ಲ ಎರಡು ಚುಕ್ಕಿ, ಅಂದರೆ ಕೋಲನ್. ಎರಡು ಸೊನ್ನೆ ಅಂದರೆ ವಿಸರ್ಗ. ಅದು ‘ದುಃಖ’, ‘ಅಂತಃಕರಣ’ದಂಥ ಪದಗಳ ಒಳಗೆ ಬರುತ್ತದೆ. ನುಡಿಯಲ್ಲಿ ಶಿಫ್ಟ್ ಎಚ್ ಒತ್ತಿದರೆ ಸಿಗುತ್ತದೆ. ನೋಡಲು ಹೆಚ್ಚುಕಮ್ಮಿ ಒಂದೇ ಥರ ಇದ್ದರೂ ಕಂಪ್ಯೂಟರ್‌ಗೆ ಎರಡೂ ಬೇರೆ ಬೇರೆ. ‘ದು:ಖ’ ಅಂತ ಕೋಲನ್ ಹಾಕಿಟ್ಟರೆ, ಆಮೇಲೆ ‘ದುಃಖ’ ಅಂತ ಹುಡುಕಿದಾಗ ಆ ಪದ ಸಿಗುವುದಿಲ್ಲ. ಶ್ರದ್ಧಾಂಜಲಿ ಕಾರ್ಡುಗಳಲ್ಲಿ ಈ ತಪ್ಪು ಕಂಡಾಗ ನನಗೆ ಬಹಳ ಬೇಜಾರಾಗುತ್ತದೆ. ಮನೆಯವರು ಆ ಕಾರ್ಡನ್ನು ವರ್ಷಗಟ್ಟಲೆ ಜೋಪಾನ ಮಾಡುತ್ತಾರೆ, ಅಲ್ವಾ? ಕೋಲನ್, ವಿಸರ್ಗದ ಈ ತಪ್ಪನ್ನು ಮಾತ್ರ ಒಟ್ಟಿಗೆ ಬದಲಿಸಲು ಹೋಗಬೇಡಿ. ವಿಸರ್ಗವನ್ನೆಲ್ಲ ಕೋಲನ್ ಮಾಡಿದರೆ ‘ದುಃಖ’ ಕೆಡುತ್ತದೆ, ಕೋಲನ್ನನ್ನೆಲ್ಲ ವಿಸರ್ಗ ಮಾಡಿದರೆ ಸಭೆಯ ಸಮಯ ‘10:30’ ಕೆಡುತ್ತದೆ. ಒಂದೊಂದನ್ನೇ ನೋಡಿ ತಿದ್ದಿ.

ಇನ್ನೊಬ್ಬರು (ಹರಿಹರ): ಅಣ್ಣ, ನನ್ನ ಪತ್ರದಲ್ಲಿ ‘ರೂ.’ ಒಂದು ಸಾಲಿನ ಕೊನೆಗೆ, ‘5,000’ ಮುಂದಿನ ಸಾಲಿಗೆ ಹೋಗಿದೆ. ಸ್ಪೇಸ್ ತೆಗೆದುಬಿಡಲಾ?

ಉತ್ತರ: ತೆಗೆಯಬೇಡಿ, ಒತ್ತೊತ್ತಾಗಿ ಕಾಣುತ್ತದೆ. ಮಾಮೂಲಿ ಸ್ಪೇಸ್ ಬದಲಿಗೆ ಕಂಟ್ರೋಲ್, ಶಿಫ್ಟ್ ಎರಡನ್ನೂ ಹಿಡಿದು ಸ್ಪೇಸ್ ಒತ್ತಿ. ಅಲ್ಲಿ ಸಾಲು ಮುರಿಯುವುದಿಲ್ಲ. ‘ಡಾ.’ ಆದಮೇಲೆ ಹೆಸರು ಬರುವಾಗಲೂ ಇದನ್ನೇ ಮಾಡಿ. ಮೊತ್ತದ ಒಳಗಿನ ಕಾಮಾ ಆದಮೇಲೆ ಮಾತ್ರ ಸ್ಪೇಸ್ ಬೇಡವೇ ಬೇಡ: 1,25,000.