ಓದುಗರ ಸ್ಪಂದನ: ಕಾಯಿಲೆ ಬಗ್ಗೆ ಓದೋಕೆ ಡಾಕ್ಟರೇ ಆಗಬೇಕಾ?

ಡೊಂಬಿವಲಿಯ ಓದುಗಿಯ ಸಮಸ್ಯೆ: ಸಮಾಜಶಾಸ್ತ್ರದಲ್ಲಿ ಎಂ.ಎ. ಮುಗಿದಿದೆ. ಆರೋಗ್ಯ ಮತ್ತು ಕಾಯಿಲೆಯ ಸಮಾಜಶಾಸ್ತ್ರದಲ್ಲಿ ಪಿಎಚ್‌.ಡಿ. ಮಾಡುವ ಆಸೆ. ಹೋಟೆಲಿನಲ್ಲಿ ಕ್ಯಾಷಿಯರ್ ಆಗಿರುವ ಅಪ್ಪ, "ಕಾಯಿಲೆ ಬಗ್ಗೆ ಓದೋಕೆ ಡಾಕ್ಟರ್ ಇದ್ದಾರೆ, ನೀನು ಸುಮ್ನೆ ಬಿ.ಎಡ್. ಮಾಡು" ಅನ್ನುತ್ತಾರೆ. ಏನು ಮಾಡಲಿ?

ತಂಗಿ, ನಾನು ಇದೇ ವಿಷಯದಲ್ಲಿ ಪಿಎಚ್‌.ಡಿ. ಮಾಡಿ ಈಗ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದೇನೆ. ಅಪ್ಪನಿಗೆ ಈ ಒಂದು ಸಂಗತಿ ಹೇಳಿ ನೋಡಿ.

ಮುಂಬಯಿಯ ಗೋವಂಡಿಯ ಒಂದು ಖೋಲಿಯಲ್ಲಿ ಟಿ.ಬಿ. ಆಗಿದ್ದ ಹೆಂಗಸಿನ ಜೊತೆ ಕೂತಿದ್ದೆ. ಕಲಬುರಗಿ ಕಡೆಯವರು. ನಾನು ಕನ್ನಡದವಳು ಅಂತಲೇ ಒಳಗೆ ಕರೆದಿದ್ದರು. ಮಾತ್ರೆ ಎಲ್ಲಿಡುತ್ತೀರಿ ಎಂದು ಕೇಳಿದೆ. ಎದ್ದು ಹೋಗಿ ಜೋಳದ ಹಿಟ್ಟಿನ ಡಬ್ಬಿಯೊಳಗೆ ಕೈಹಾಕಿ ಪ್ಲಾಸ್ಟಿಕ್ ಚೀಲವೊಂದನ್ನು ತೆಗೆದರು. ಹಿಟ್ಟು ಕೊಡವಿ ಬಿಚ್ಚಿದರೆ ಒಳಗೆ ಮಾತ್ರೆ. ಅತ್ತೆ ಊರಿಂದ ಬಂದಿದ್ದಾಗ ಆ ಡಬ್ಬಿಗೆ ಕೈಹಾಕುವ ಹಾಗಿರಲಿಲ್ಲ. ಆ ದಿನಗಳಲ್ಲಿ ಮಾತ್ರೆಯೂ ಇಲ್ಲ. ದವಾಖಾನೆಯ ಕಾರ್ಡಿನಲ್ಲಿ ಮಾತ್ರ "ಔಷಧಿ ಸರಿಯಾಗಿ ತಗೊಳ್ಳುವುದಿಲ್ಲ" ಎಂದು ಬರೆದಿತ್ತು. ಸಾಮಾನ್ಯ ಟಿ.ಬಿ.ಗೆ ಆರು ತಿಂಗಳ ಔಷಧಿ. ಆ ಆರು ತಿಂಗಳು ಮನೆಯೊಳಗೆ ಏನೇನು ನಡೆಯುತ್ತದೆ ಅನ್ನೋದು ಎಕ್ಸ್‌ರೇಯಲ್ಲಿ ಕಾಣುವುದಿಲ್ಲ ಅಲ್ವಾ? ನಮ್ಮ ಕೆಲಸ ಇರುವುದೇ ಅಲ್ಲಿ.

1951ರಲ್ಲಿ ಅಮೆರಿಕದ ಸಮಾಜಶಾಸ್ತ್ರಜ್ಞ ಟಾಲ್ಕಟ್ ಪಾರ್ಸನ್ಸ್ ಒಂದು ಮಾತು ಬರೆದರು. ಕಾಯಿಲೆ ಬಿದ್ದವರಿಗೆ ದಿನದ ಕೆಲಸದಿಂದ ಬಿಡುವು ಸಿಗುತ್ತದೆ, ಬದಲಿಗೆ ಅವರು ವಾಸಿಯಾಗಲು ಪ್ರಯತ್ನಿಸಬೇಕು ಅಂತ. ಈ ಹೆಂಗಸಿಗೆ ಬಿಡುವು ಕೊಟ್ಟವರು ಯಾರು? ಜ್ವರ ಇದ್ದರೂ ಬೆಳಗ್ಗೆ ಐದಕ್ಕೆ ನಲ್ಲಿ ಮುಂದೆ ಕೊಡ ಇಡಲೇಬೇಕಿತ್ತು. ನನ್ನ ಪ್ರಬಂಧದ ಒಂದು ಇಡೀ ಅಧ್ಯಾಯ ಈ ಪ್ರಶ್ನೆಯಿಂದ ಹುಟ್ಟಿತು.

ಈಗ ದುಡ್ಡಿನ ಮಾತು. ನೆಟ್ ಅನ್ನೋ ರಾಷ್ಟ್ರಮಟ್ಟದ ಅರ್ಹತಾ ಪರೀಕ್ಷೆಯಲ್ಲಿ ಜೆಆರ್‌ಎಫ್, ಅಂದರೆ ಸಂಶೋಧನೆಗೆ ಕೊಡುವ ಫೆಲೋಶಿಪ್ ಸಿಕ್ಕರೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000. ಫೆಲೋಶಿಪ್ ಇಲ್ಲದೆ ಸೇರಬೇಡಿ, ಮನೆಯಲ್ಲಿ ಪ್ರತಿ ತಿಂಗಳೂ ಮಾತು ಕೇಳಬೇಕಾಗುತ್ತದೆ. ಕಾಯಂ ಹುದ್ದೆ ಕಡಿಮೆ. ನಾನೇ ನಾಲ್ಕು ವರ್ಷ ಸಿಎಚ್‌ಬಿ ಮೇಲೆ, ಅಂದರೆ ಗಂಟೆ ಲೆಕ್ಕದಲ್ಲಿ ಪಾಠ ಮಾಡಿದೆ. ಮೇ ತಿಂಗಳಲ್ಲಿ ಕೈಗೆ ಬಿಡಿಗಾಸೂ ಬರುತ್ತಿರಲಿಲ್ಲ. ಸಂಶೋಧನಾ ಸಂಸ್ಥೆಗಳಲ್ಲಿ ಪ್ರಾಜೆಕ್ಟ್ ಕೆಲಸ ಸಿಗುತ್ತದೆ, ಪ್ರಾಜೆಕ್ಟ್ ಮುಗಿದರೆ ಅದೂ ಮುಗಿಯಿತು. ಇನ್ನೊಂದು ವಿಷಯ. ಆಸ್ಪತ್ರೆಯಲ್ಲಿ ರೋಗಿಗಳನ್ನು ಮಾತಾಡಿಸಲು ಎಥಿಕ್ಸ್ ಕಮಿಟಿಯ, ಅಂದರೆ ಸಂಶೋಧನೆಯಿಂದ ರೋಗಿಗಳಿಗೆ ತೊಂದರೆ ಆಗದಂತೆ ನೋಡುವ ಸಮಿತಿಯ ಒಪ್ಪಿಗೆ ಬೇಕು. ನನಗೆ ಅದಕ್ಕೇ ಏಳು ತಿಂಗಳು ಹಿಡಿಯಿತು. ಅಷ್ಟು ಸಮಯ ಮೊದಲೇ ಲೆಕ್ಕಕ್ಕೆ ಹಿಡಿಯಿರಿ. ದೇವನಾರಿನ ಟಿಸ್‌ನಲ್ಲೂ (ಟಾಟಾ ಸಮಾಜ ವಿಜ್ಞಾನ ಸಂಸ್ಥೆ) ಮುಂಬಯಿ ವಿಶ್ವವಿದ್ಯಾಲಯದ ಕಲೀನಾ ಕ್ಯಾಂಪಸ್ಸಿನಲ್ಲೂ ಹೋಗಿ ವಿಚಾರಿಸಿ. ಈ ವಿಷಯ ಬಲ್ಲ ಗೈಡ್ ಸಿಗುತ್ತಾರಾ ಅನ್ನೋದನ್ನು ಮೊದಲು ನೋಡಿ.
– ಓದುಗಿ, ಮುಲುಂಡ್

ನನ್ನ ಮಾತು ಆ ಹುಡುಗಿಯ ಅಪ್ಪನಿಗೆ. ಅಣ್ಣಾ, ನಾನೂ ಪುಣೆಯಲ್ಲಿ ಮೂವತ್ತು ವರ್ಷ ಕ್ಯಾಂಟೀನ್ ನಡೆಸಿದವನು. ಮಗಳ ಓದು ಅನ್ನ ಹಾಕುತ್ತದೋ ಇಲ್ಲವೋ ಅನ್ನುವ ಚಿಂತೆ ನನಗೆ ಗೊತ್ತು. ಆದರೆ ಇದು ಹುಚ್ಚು ಓದಲ್ಲ. ದೊಡ್ಡ ಸಮಾಜಶಾಸ್ತ್ರಜ್ಞರಾದ ನಮ್ಮ ಮೈಸೂರಿನ ಎಂ.ಎನ್. ಶ್ರೀನಿವಾಸ್ ಸಮಾಜಶಾಸ್ತ್ರ ಓದಲು ಬಂದದ್ದು ಮುಂಬಯಿಗೇ, ಅಲ್ಲಿನ ವಿಶ್ವವಿದ್ಯಾಲಯದ ಪ್ರೊಫೆಸರ್ ಘುರ್ಯೆ ಅವರ ಹತ್ತಿರ. ಅಲ್ಲಿನ ಸಮಾಜಶಾಸ್ತ್ರ ವಿಭಾಗ ಶುರುವಾದದ್ದು 1919ರಲ್ಲಿ. ಇನ್ನು ಕಾಯಿಲೆಗೂ ಸಮಾಜಕ್ಕೂ ಏನು ಸಂಬಂಧ ಅಂತೀರಾ? 1897ರ ಪ್ಲೇಗಿನಲ್ಲಿ ಪುಣೆಯಲ್ಲಿ ಸೋಲ್ಜರುಗಳು ಮನೆಮನೆಗೆ ನುಗ್ಗಿ ರೋಗಿಗಳನ್ನು ಹುಡುಕಿದರು. ಜನ ಅವರಿಗೆ ಹೆದರಿ ಸ್ವಂತ ಮನೆಯವರನ್ನೇ ಬಚ್ಚಿಟ್ಟರು. ಪ್ಲೇಗಿನವರ ಸೇವೆ ಮಾಡುತ್ತಾ ಸಾವಿತ್ರಿಬಾಯಿ ಫುಲೆ ತೀರಿಕೊಂಡದ್ದೂ ಅದೇ ವರ್ಷ. ಮಗಳಿಗೆ ಎರಡು ವರ್ಷ ಕೊಡಿ. ನೆಟ್ ಆಗದಿದ್ದರೆ ಬಿ.ಎಡ್. ಎಲ್ಲಿಗೂ ಓಡಿಹೋಗುವುದಿಲ್ಲ.
– ಓದುಗರು, ಪುಣೆ

ನಾನು ನರ್ಸ್, ಊರು ಗದಗ ಕಡೆ. ಗೋವಾದ ವಾಸ್ಕೋದಲ್ಲಿ ನಮ್ಮ ಕಡೆಯ ಕೂಲಿಯವರು ಜಾಸ್ತಿ. ಒಬ್ಬರಿಗೆ ಹೊಟ್ಟೆನೋವು. ಎಷ್ಟು ದಿನದಿಂದ ಅಂತ ಡಾಕ್ಟರ್ ಕೇಳಿದರೆ, "ದ್ಯಾಮವ್ವನ ಜಾತ್ರಿ ಆದಾಗಿಂದ್ರಿ" ಅಂದರು. ಡಾಕ್ಟರಿಗೆ ಅರ್ಥವಾಗಲಿಲ್ಲ, ಮೂರು ದಿನದ ಮಾತ್ರೆ ಬರೆಯುತ್ತಿದ್ದರು. ಜಾತ್ರೆ ಯಾವ ತಿಂಗಳು ಅಂತ ನಾನು ಕೇಳಿ ಲೆಕ್ಕ ಹಾಕಿದೆ. ಐದು ತಿಂಗಳು! ಡಾಕ್ಟರ್ ಪೆನ್ನು ಕೆಳಗಿಟ್ಟು ಮತ್ತೆ ಮೊದಲಿಂದ ಪರೀಕ್ಷೆ ಮಾಡಿದರು. ನೀವು ಈ ವಿಷಯ ಓದಿ ತಂಗಿ. ಓದುವಾಗ ಇಲ್ಲಿಗೂ ಬನ್ನಿ. ಕೊಂಕಣಿ ಬರದಿದ್ದರೂ ನಡೆಯುತ್ತದೆ.
– ಓದುಗಿ, ವಾಸ್ಕೋ