ಗುಡಿಗೆ ಮತ್ತೆ ಕರಡಿ ಬಂದಿದೆ, ಇವತ್ತು ಸಂಜೆ ಎಲ್ಲರೂ ಸೇರೋಣ
ಜೋಗಿಮಟ್ಟಿ ತಪ್ಪಲಿನ ಬಡಾವಣೆ ನಿವಾಸಿಗಳ ಗುಂಪು, ಚಿತ್ರದುರ್ಗ

ಮೂಲೆಮನೆ, 3ನೇ ಅಡ್ಡರಸ್ತೆ:
ಎಲ್ಲರಿಗೂ ನಮಸ್ಕಾರ. ನಿನ್ನೆ ರಾತ್ರಿ ಆಂಜನೇಯನ ಗುಡಿಗೆ ಕರಡಿ ನುಗ್ಗಿದೆ. ದೀಪದ ಎಣ್ಣೆ ಕುಡಿದು, ಡಬ್ಬ ಉರುಳಿಸಿ ಹೋಗಿದೆ. ಈ ತಿಂಗಳಲ್ಲಿ ಇದು ಮೂರನೇ ಸಲ. ಹಾಲಿನ ಹುಡುಗ ಬೆಳಗಿನ ಜಾವ ಐದಕ್ಕೆ ಅದೇ ದಾರಿಯಲ್ಲಿ ಬರುತ್ತಾನೆ. ನನಗೆ ಅವನದೇ ಚಿಂತೆ.

ಮನೆ ನಂ. 22:
ಅಣ್ಣ, ಬೋನು ಇಡಿಸಿ. ಹಿಡಿದು ದರೋಜಿಗೆ ಬಿಡಲಿ. ಅದು ಕರಡಿಗಳಿಗೇ ಇರುವ ಧಾಮ ಅಲ್ವಾ?

ಮೇಷ್ಟ್ರು, 1ನೇ ಅಡ್ಡರಸ್ತೆ:
ಹೌದಮ್ಮ, 1994ರಲ್ಲಿ ಕರಡಿಗಳಿಗೆಂದೇ ಮಾಡಿದ್ದು. ಆದರೆ ಅಲ್ಲಿ ಆಗಲೇ ಕರಡಿಗಳಿವೆ. ಇದನ್ನು ಸಾಗಿಸಿದರೂ ಎಣ್ಣೆ ವಾಸನೆ ಇಲ್ಲೇ ಇರುತ್ತದೆ, ಬೆಟ್ಟದಿಂದ ಇನ್ನೊಂದು ಇಳಿದು ಬರುತ್ತದೆ. ಕರಡಿಗೆ ಕಣ್ಣು ಮಂದ, ಕಿವಿಯೂ ಅಷ್ಟಕ್ಕಷ್ಟೆ. ಮೂಗು ಮಾತ್ರ ಬಲು ಚುರುಕು. ಮಣ್ಣೊಳಗಿನ ಗೆದ್ದಲನ್ನೇ ಮೂಸಿ, ಅಗೆದು ಹೀರುವ ಪ್ರಾಣಿ ಅದು. ನಾವು ಗುಡಿ ಬಾಗಿಲು ತೆರೆದಿಟ್ಟು, ಖಾಲಿ ಸೈಟಿನಲ್ಲಿ ಹಲಸಿನ ಸಿಪ್ಪೆ, ಮದುವೆ ಊಟದ ಎಲೆ ಸುರಿದರೆ ಬರದೆ ಇರುತ್ತದೆಯೇ? ಕರೆದವರು ನಾವೇ.

ಮನೆ ನಂ. 9:
ಸಾರ್, ಪಟಾಕಿ ಹೊಡೆದು ಓಡಿಸಿದರೆ ಆಗಲ್ವಾ? ಹೋದ ವಾರ ಹುಡುಗರು ಬೈಕಿನಲ್ಲಿ ಅಟ್ಟಿಸಿದಾಗ ಓಡಿತ್ತು.

ಮೇಷ್ಟ್ರು, 1ನೇ ಅಡ್ಡರಸ್ತೆ:
ಆ ವಿಡಿಯೋ ನೋಡಿದೆನಪ್ಪ. ಬೆನ್ನ ಮೇಲೆ ಎರಡು ಮರಿ ಕೂತಿದ್ದವು. ಮರಿ ಇರುವ ತಾಯಿಯನ್ನು ಬೆದರಿಸಬೇಡಿ, ಕೈ ಮುಗಿದು ಕೇಳುತ್ತೇನೆ. ಗಾಬರಿಯಾದ ಕರಡಿ ಎದುರಿಗಿದ್ದವರ ಮೇಲೇ ಬೀಳುತ್ತದೆ. ತಲೆಗೆ, ಮುಖಕ್ಕೆ ಉಗುರು ಹಾಕುತ್ತದೆ. ಅಟ್ಟಿಸಿದ ಹುಡುಗರು ಮನೆ ಸೇರಿರುತ್ತಾರೆ, ಮುಂದಿನ ತಿರುವಿನಲ್ಲಿ ಸಿಗೋದು ವಾಕಿಂಗ್ ಹೊರಟ ನಮ್ಮಂಥವರು. ಕಂಡರೆ ಒಳಗೆ ಹೋಗಿ, ಅರಣ್ಯ ಇಲಾಖೆಯ 1926ಕ್ಕೆ ಫೋನ್ ಮಾಡಿ. ಅದು ಬೆಟ್ಟಕ್ಕೆ ಹೋಗೋ ದಾರಿ ಬಿಟ್ಟುಕೊಡಿ.

ಮನೆ ನಂ. 5:
ಮೇಷ್ಟ್ರೇ, ಎಲ್ಲ ಸರಿ. ಆದರೆ ನಂದಾದೀಪ ಆರಿಸೋಕೆ ನಾನು ಒಪ್ಪಲ್ಲ. ನಮ್ಮ ಅತ್ತೆ ಕಾಲದಿಂದ ಉರಿಯುತ್ತಿದೆ.

ಮೂಲೆಮನೆ, 3ನೇ ಅಡ್ಡರಸ್ತೆ:
ಆರಿಸೋದು ಬೇಡ ಅಕ್ಕ. ಗರ್ಭಗುಡಿ ಒಳಗೇ ಇರಲಿ, ಮರದ ಬಾಗಿಲಿಗೆ ಕಬ್ಬಿಣದ ಗ್ರಿಲ್ ಹಾಕಿಸೋಣ. ಹೊರಗಿನ ದೀಪದ ಕಂಬಕ್ಕೆ ಎಣ್ಣೆ ಹಾಕೋದು ನಿಲ್ಲಿಸಬೇಕು. ಉಳಿದ ಎಣ್ಣೆಯನ್ನು ಪೂಜಾರಪ್ಪನವರು ಮನೆಗೇ ಒಯ್ಯಲಿ. ಚೆಲ್ಲಿದ್ದನ್ನು ಸೀಗೆಪುಡಿ ಹಾಕಿ ತೊಳೆಯಬೇಕು, ಇಲ್ಲದಿದ್ದರೆ ಕಲ್ಲಿಗೆ ವಾಸನೆ ಹಿಡಿಯುತ್ತದೆ.

ಮನೆ ನಂ. 5:
ಹಾಗಾದರೆ ಸರಿ. ತೊಳೆಯೋ ಕೆಲಸ ನನಗೆ ಬಿಡಿ. ಗ್ರಿಲ್‌ಗೆ ನಮ್ಮ ಮನೆಯಿಂದ ಐನೂರು.

ಮನೆ ನಂ. 9:
ಖಾಲಿ ಸೈಟಿನ ಕಸ ಮತ್ತು ಲಂಟಾನ ಪೊದೆ ಭಾನುವಾರ ನಾವು ಹುಡುಗರು ತೆಗೆಯುತ್ತೇವೆ. ಹಗಲು ಹತ್ತರ ಮೇಲೆ, ಗಾರ್ಡ್ ಅವರನ್ನೂ ಕರೆದುಕೊಂಡು. ಆ ವಿಡಿಯೋ ಅಳಿಸಿದ್ದೇನೆ ಸಾರ್.

ಮನೆ ನಂ. 22:
ಹಾಲಿನ ಹುಡುಗನಿಗೆ ಆರೂವರೆ ಮೇಲೆ ಬಾ ಅಂದಿದ್ದೇನೆ. ಕಾಫಿ ತಡವಾಗಲಿ, ಪರವಾಗಿಲ್ಲ. ಎಲ್ಲರೂ ಒಪ್ಪಿದರೆ ಅವನಿಗೂ ನಿರಾಳ.

ಮೂಲೆಮನೆ, 3ನೇ ಅಡ್ಡರಸ್ತೆ:
ನಮ್ಮ ಮನೆಗೂ ಹಾಗೇ ಹೇಳಿಬಿಡಿ. ಸಂಜೆ ಐದಕ್ಕೇ ಸೇರೋಣ, ಕತ್ತಲಾಗುವ ಮುಂಚೆ ಮನೆಗೆ ಹೋಗಬೇಕು.