ಅಪ್‌ಡೇಟ್: ಚಳಿಯಲ್ಲಿ ಸಾಯೋ ಕಳೆ ಸೆಕೆಯಲ್ಲಿ ಯಾಕೆ ಬದುಕುತ್ತೆ?

ಗ್ಲೈಫೋಸೇಟ್ ಅನ್ನೋ ಕಳೆನಾಶಕಕ್ಕೆ ಜಗ್ಗದ ಕಳೆ, ಅದನ್ನೇ ಚಳಿಯಲ್ಲಿ ಹೊಡೆದರೆ ಸಾಯೋದು ಹೇಗೆ ಅಂತ ಕೇಳಿದ್ದೆ. ಉತ್ತರಿಸಿದವರಿಗೆಲ್ಲ ಥ್ಯಾಂಕ್ಸ್, ಹುಡುಕಿ ಓದಿದ ಮೇಲೆ ವಿಷಯ ಬಿಡಿಸಿಕೊಳ್ತು.

ಅಮೆರಿಕದ ಹಾರ್ಸ್‌ವೀಡ್ ಅನ್ನೋ ಕಳೆಯ ನಿರೋಧಕ ಗಿಡಗಳು ಔಷಧಿಯನ್ನು ಜೀವಕೋಶದ ರಸದಾನಿ ಅನ್ನೋ ಚೀಲದೊಳಗೆ ಕೂಡಿಹಾಕಿಬಿಡ್ತವೆ. ಹಾಗಾಗಿ ಅದು ಬೆಳೆಯೋ ಕುಡಿ, ಬೇರಿನ ತನಕ ಸರಿಯಾಗಿ ತಲುಪೋದೇ ಇಲ್ಲ. ಚಳಿಯಲ್ಲಿ ಈ ಕೂಡಿಹಾಕೋ ಕೆಲಸ ತೀರಾ ಮಂದ. ಜೈಲಿಗೆ ಕಾವಲುಗಾರರೇ ಬಂದಿಲ್ಲ ಅನ್ನಿ! ಔಷಧಿ ಗಿಡವೆಲ್ಲ ಓಡಾಡುತ್ತೆ, ಗಿಡ ಸಾಯುತ್ತೆ.

ಎಲ್ಲ ಕಳೆಗೂ ಇದೇ ಕಾರಣ ಅಲ್ಲ. ಕೋಷಿಯಾ ಕಳೆ ಸೆಕೆ ಹೆಚ್ಚಾದರೆ ಗ್ಲೈಫೋಸೇಟ್ ಹೀರೋದೇ ಕಡಿಮೆ. ಡೈಕಾಂಬಾ ಅನ್ನೋ ಇನ್ನೊಂದು ಕಳೆನಾಶಕ ಆದರೆ ಗಿಡದೊಳಗೆ ಹರಿಯೋದು ಕಡಿಮೆ.

"ಡೋಸ್ ಏರಿಸಿ" ಅಂದವರ ಮಾತು ಮಾತ್ರ ನಾನು ಒಪ್ಪಲ್ಲ. ಅದನ್ನೂ ತಡ್ಕೊಂಡು ಉಳಿಯೋ ಗಿಡಗಳೇ ತಾನೇ ಮುಂದೆ ಬೀಜ ಉದುರಿಸೋದು?